ಪದ ಎಲ್ಲಿಂದ ಬರ್ತದೆ?



ನಿಮ್ಮ ಕನ್ನಡ ಪುಸ್ತಕದ ಪದ್ಯಭಾಗವನ್ನು ಒಮ್ಮೆ ತಿರುವಿ ನೋಡಿ. ಪ್ರತಿಯೊಂದು ಪದ್ಯದ ಜೊತೆಗೂ ಕವಿಯ ಹೆಸರು, ಹುಟ್ಟಿದ ಊರು, ಹುಟ್ಟಿದ ವರ್ಷ, ಬಂದ ಪ್ರಶಸ್ತಿ ಎಲ್ಲಾ ಇರುತ್ತೆ. ಪರೀಕ್ಷೆಗೆ ನೀವು ಅದನ್ನು ಬಾಯಿಪಾಠ ಮಾಡ್ತೀರಿ. ಆದರೆ ಜನಪದ ಗೀತೆ ಬಂದ ಕಡೆ ಕವಿಯ ಜಾಗದಲ್ಲಿ 'ಜನಪದ' ಅಂತ ಒಂದೇ ಮಾತು. ಊರಿಲ್ಲ, ವರ್ಷವಿಲ್ಲ, ಹೆಸರಿಲ್ಲ. ಹಾಗಾದ್ರೆ ಆ ಪದವನ್ನು ಯಾರೂ ಕಟ್ಟಲಿಲ್ಲವೇ? ಮಳೆಗೆ ಅಣಬೆ ಏಳೋ ಹಾಗೆ ತಾನೇ ಎದ್ದು ಬಂತೇ?

ಇಲ್ಲ. ಪದ ತಾನಾಗಿ ಹುಟ್ಟೋದಿಲ್ಲ. ಯಾರೋ ಒಬ್ಬರ ಬಾಯಲ್ಲಿ, ಯಾವುದೋ ಒಂದು ಹೊತ್ತಿನಲ್ಲಿ, ಏನೋ ಒಂದು ಕಾರಣಕ್ಕೆ ಹುಟ್ಟುತ್ತೆ. ನಮ್ಮ ಕೊಪ್ಪದ ಸುತ್ತಮುತ್ತ ನಾನು ಕೇಳಿದ ಪದಗಳನ್ನೂ ಓದಿದ ಕವಿಗಳನ್ನೂ ಒಟ್ಟಿಗೆ ಇಟ್ಟು ಯೋಚಿಸಿದಾಗ ನನಗೆ ಕಂಡದ್ದು ಇಷ್ಟು: ಒಂದು ಪದಕ್ಕೆ ಮೂರು ಬೇಕು. ಕೈ ಕೆಲಸದಿಂದ ತಾಳ, ಹಳೆಯ ಮಟ್ಟಿನಿಂದ ಅಚ್ಚು, ಎದೆಯೊಳಗಿನ ಮಾತಿನಿಂದ ಜೀವ. ಈ ಮೂರನ್ನೂ ಒಂದೊಂದಾಗಿ ನೋಡೋಣ.

೧. ಕೈ ಕೆಲಸ ಕೊಡುವ ತಾಳ

ರಾಗಿಕಲ್ಲನ್ನು ನೀವು ನೋಡಿರಬಹುದು. ಈಗ ಹಿತ್ತಿಲಿನಲ್ಲಿ ಮಗುಚಿ ಬಿದ್ದಿರುತ್ತೆ, ಇಲ್ಲವೇ ಬಚ್ಚಲ ಬಾಗಿಲಿಗೆ ಮೆಟ್ಟಿಲಾಗಿರುತ್ತೆ. ಒಂದರ ಮೇಲೆ ಒಂದು ಎರಡು ದುಂಡು ಕಲ್ಲು. ಮೇಲಿನದಕ್ಕೆ ಮಧ್ಯೆ ಒಂದು ಬಾಯಿ, ಅಂಚಿನಲ್ಲಿ ಒಂದು ಮರದ ಗೂಟ. ಎದುರುಬದುರು ಇಬ್ಬರು ಹೆಂಗಸರು ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸ್ತಿದ್ದರು. ಒಬ್ಬಳು ಎಳೆದರೆ ಇನ್ನೊಬ್ಬಳು ದೂಡಬೇಕು. ಇಬ್ಬರ ಕೈ ಒಂದಾಗದಿದ್ದರೆ ಕಲ್ಲು ತಡವರಿಸುತ್ತೆ, ಹಿಟ್ಟು ತರಿತರಿಯಾಗುತ್ತೆ, ಭುಜ ಸೋಲುತ್ತೆ. ಇಬ್ಬರ ಕೈ ಒಂದು ಮಾಡೋದಕ್ಕೆ ಪದ ಬೇಕಿತ್ತು. ಅಂದರೆ ಪದ ಅಲ್ಲಿ ಬರೀ ಬೇಸರ ಕಳೆಯೋ ವಸ್ತುವಲ್ಲ, ಗೂಟದ ಹಾಗೆ ಅದೂ ಒಂದು ಸಾಧನವೇ.

ನಾಟಿಯಲ್ಲೂ ಹೀಗೇ. ಕೆಸರಿನಲ್ಲಿ ಬಗ್ಗಿ ನಿಂತು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಪೈರು ನೆಡಬೇಕು. ಒಬ್ಬಳು ಮುಂದಾದರೆ ಸಾಲು ಕೆಡುತ್ತೆ. ಅದಕ್ಕೇ ಒಬ್ಬಳು ಹೇಳಿಕೊಡ್ತಾಳೆ, ಉಳಿದವರು ಸೊಲ್ಲು ಹಿಡೀತಾರೆ. ೧೯೩೦ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಮಂಡ್ಯ ಸೀಮೆಗೆ ಹರಿಯತೊಡಗಿತು. ರಾಗಿ, ಹುರುಳಿ ಬೆಳೀತಿದ್ದ ಎಷ್ಟೋ ಹೊಲ ಗದ್ದೆಯಾದವು. ನೆಲ ಬದಲಾದಾಗ ಕೆಲಸ ಬದಲಾಯ್ತು; ಕೆಲಸ ಬದಲಾದಾಗ ಪದಕ್ಕೂ ಬೇರೆ ನಡೆ ಬೇಕಾಯ್ತು. ಕಲ್ಲಿನ ಪದ ದುಂಡಗೆ ಸುತ್ತುತ್ತೆ, ನಾಟಿಯ ಪದ ಹೆಜ್ಜೆ ಹಾಕುತ್ತೆ. ಕಿವಿಗೊಟ್ಟು ಕೇಳಿದರೆ ನಿಮಗೇ ಗೊತ್ತಾಗುತ್ತೆ.

೨. ಹಳೆಯ ಮಟ್ಟು ಎಂಬ ಅಚ್ಚು

ಬೆಲ್ಲದ ಅಚ್ಚನ್ನು ನೀವೆಲ್ಲ ಆಲೆಮನೆಯಲ್ಲಿ ನೋಡಿದ್ದೀರಿ. ಪಾಕ ಹೊಸದು, ಅಚ್ಚು ಹಳೆಯದು. ಪದವೂ ಹಾಗೇ. ಮಾತು ಹೊಸದು, ಮಟ್ಟು ಹಳೆಯದು.

ಬೀಸುವ ಪದಗಳಲ್ಲಿ ಬಹಳಷ್ಟು ತ್ರಿಪದಿಗಳು. ವ್ಯಾಕರಣದ ಪಾಠದಲ್ಲಿ ಹೇಳಿದ್ದು ನೆನಪು ಮಾಡಿಕೊಳ್ಳಿ: ಮೂರು ಸಾಲು, ಒಟ್ಟು ೧೧ ಗಣ, ಅದರಲ್ಲಿ ೬ನೆಯದೂ ೧೦ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಈ ಅಚ್ಚು ಎಷ್ಟು ಹಳೆಯದು ಗೊತ್ತೇ? ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಅಂತ ಬಂಡೆಯ ಮೇಲೆ ಕೆತ್ತಿದ್ದಾರೆ. ಸುಮಾರು ಕ್ರಿ.ಶ. ೭೦೦ರದ್ದು. ಅದರಲ್ಲೇ ತ್ರಿಪದಿ ಇದೆ. ಸಾವಿರದ ಮುನ್ನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದ ಛಂದಸ್ಸನ್ನು, ಅಕ್ಷರ ಕಲಿಯದ ನಮ್ಮ ಅಜ್ಜಿಯರು ಕಲ್ಲು ತಿರುಗಿಸ್ತಾ ಹಾಡ್ತಿದ್ದರು. ಅವರಿಗೆ ಗಣದ ಹೆಸರು ಗೊತ್ತಿರಲಿಲ್ಲ, ಗಣ ಗೊತ್ತಿತ್ತು.

ಈಗ ಮುಖ್ಯವಾದ ಮಾತು. ಆ ಅಚ್ಚಿಗೆ ಹೊಸ ಮಾತು ತುಂಬೋದು ಹೇಗೆ? ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೊಮ್ಮೆ ಹೇಳಿ ಆಮೇಲೆ ಮೂರನೆಯ ಸಾಲಿಗೆ ಹೋಗುವ ರೂಢಿ ಇದೆ. ನಾಟಿಯಲ್ಲಿ, ಸೋಬಾನೆಯಲ್ಲಿ ಉಳಿದವರು ಸೊಲ್ಲು ಹಿಡೀತಾರೆ. ಕೇಳುವವರಿಗೆ ಅದು ಇಂಪಿಗೆ ಅನ್ನಿಸುತ್ತೆ. ಆದರೆ ಹೇಳಿಕೊಡುವವಳಿಗೆ ಅದು ಬಿಡುವು. ಉಳಿದವರು ಸೊಲ್ಲು ಹೇಳಿ ಮುಗಿಸೋ ಅಷ್ಟರಲ್ಲಿ ಅವಳು ಮುಂದಿನ ಸಾಲನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿರ್ತಾಳೆ. ನಾಲ್ಕು ಉಸಿರಿನಷ್ಟು ಹೊತ್ತು! ಕವಿಗಳು ಮೇಜಿನ ಮುಂದೆ ಕೂತು ದಿನಗಟ್ಟಲೆ ಮಾಡೋ ಕೆಲಸವನ್ನು ಅವಳು ಕೆಸರಿನಲ್ಲಿ ಬಗ್ಗಿಕೊಂಡು ಅಷ್ಟು ಹೊತ್ತಿನಲ್ಲಿ ಮಾಡ್ತಾಳೆ.

ಸೋಬಾನೆ ಪದ ಅಂದರೆ ಶುಭಕಾರ್ಯದ ಪದ. 'ಶೋಭನ' ಅನ್ನೋದೇ ಬಾಯಲ್ಲಿ ಸೋಬಾನೆ ಆಗಿದೆ. ಒಂದೇ ಸೋಬಾನೆಯನ್ನು ಹತ್ತು ಮದುವೆಯಲ್ಲಿ ಹಾಡಿದರೂ ಹತ್ತೂ ಬೇರೆ ಬೇರೆ. ಹೆಣ್ಣಿನ ಹೆಸರು, ಸೋದರಮಾವನ ಹೆಸರು, ಗಂಡಿನ ಊರು ಎಲ್ಲ ಅಲ್ಲೇ ಕೂರಿಸಬೇಕು. ಹೆಣ್ಣಿನ ಹೆಸರು ಗೌರಿ ಅಂತಿಟ್ಟುಕೊಳ್ಳಿ. ಮಾತ್ರೆ ಎಣಿಸಿ: ಮೂರೇ ಆಯ್ತು. ಅಚ್ಚಿನಲ್ಲಿ ಐದರ ಜಾಗ ಇದೆ. ಹಾಡುವವಳು ತಕ್ಷಣ 'ಗೌರಮ್ಮ' ಅಂತಾಳೆ. ಐದಾಯ್ತು! ರಾಧಾ ಅಂದರೆ ನಾಲ್ಕು, 'ರಾಧವ್ವ' ಅಂದರೆ ಐದು. ಪ್ರಸ್ತಾರ ಹಾಕಿ ನೋಡಿ, ತಪ್ಪಿದ್ದರೆ ನನಗೆ ಹೇಳಿ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದಿಗೆಯ ಹೆಸರು ನೀವು ಕೇಳಿದ್ದೀರಿ. ಆ ಒಕ್ಕಲಿನ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಮಂಟೇಸ್ವಾಮಿ ಕಥೆಯನ್ನು ರಾತ್ರಿಯೆಲ್ಲ ಹಾಡ್ತಾರೆ. ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷಕ್ಕೆ ಪಾಂಚಾಳರ ಹತ್ತಿರ ಹೋದ ಹಲಗೂರು ಕೂಡ ಅದೇ ಮಳವಳ್ಳಿ ತಾಲ್ಲೂಕಿನದೇ. ಅಷ್ಟು ದೊಡ್ಡ ಕಾವ್ಯವನ್ನು ಅವರು ಪುಸ್ತಕ ನೋಡಿ ಕಲಿತದ್ದಲ್ಲ, ಗುರುವಿನ ಹಿಂದೆ ನಿಂತು ಸೊಲ್ಲು ಕೊಡುತ್ತಾ ಕಲಿತದ್ದು. ಕೇಳುವವರು ಕಣ್ಣರಳಿಸಿ ಕೂತಿದ್ದರೆ ಒಂದು ಸಾಲು ಹಿಗ್ಗುತ್ತೆ, ಬೆಳಕು ಹರೀತಾ ಬಂದರೆ ಕುಗ್ಗುತ್ತೆ. ಇವತ್ತು ಹಾಡಿದ್ದು ನಾಳೆ ಹಾಗೇ ಇರೋದಿಲ್ಲ. ಕಥೆ ಗುರುವಿನದು, ಅವತ್ತಿನ ಹಾಡು ಅವನದು.

ನಮ್ಮೂರ ಕಡೆ ಕುರುಕ್ಷೇತ್ರ ನಾಟಕ ಆಡಿಸೋ ಹಾರ್ಮೋನಿಯಂ ಮೇಷ್ಟ್ರನ್ನು ಕೇಳಿ, ಅವರೂ 'ಮಟ್ಟು' ಅಂತಲೇ ಹೇಳ್ತಾರೆ. ಸಿನಿಮಾದಲ್ಲೂ ಹೆಚ್ಚಾಗಿ ಸಂಗೀತ ನಿರ್ದೇಶಕರು ಮೊದಲು ಮಟ್ಟು ಕೊಡ್ತಾರೆ, ಆಮೇಲೆ ಸಾಹಿತ್ಯ ಬರೆಯೋರು ಅದಕ್ಕೆ ಮಾತು ಕೂರಿಸ್ತಾರೆ. ರಾಗಿಕಲ್ಲಿನ ಮುಂದೆ ಆದದ್ದೂ ಅದೇ.

೩. ಎದೆಯೊಳಗಿನ ಮಾತು

ತಾಳ ಇದ್ದು ಮಟ್ಟು ಇದ್ದರೆ ಸಾಲದು. ಹೇಳಲೇಬೇಕಾದ ಮಾತೊಂದು ಇರಬೇಕು. ಬೇರೆ ಹೇಗೂ ಹೇಳಲಾಗದ ಮಾತಾಗಿದ್ದರೆ ಪದಕ್ಕೆ ಜೀವ ಹೆಚ್ಚು.

ಬೀಸುವ ಪದಗಳಿಗೆ ಒಂದು ಕ್ರಮ ಇದೆ. ಮೊದಲು ಕಲ್ಲಿಗೆ ಕೈಮುಗಿದು, ರಾಗಿಯನ್ನು ಹೊಗಳಿ ಶುರು ಮಾಡ್ತಾರೆ. ಆಮೇಲೆ ದೇವರು, ತವರು, ಅಣ್ಣತಮ್ಮಂದಿರು, ಗಂಡ, ಅತ್ತೆ, ನಾದಿನಿ. ಕೊನೆಗೆ ಮತ್ತೆ ಕಲ್ಲಿಗೆ ನಮಸ್ಕಾರ. ಕೋಳಿ ಕೂಗೋಕೆ ಮುಂಚಿನ ಕತ್ತಲೆ, ಕಲ್ಲಿನ ಸದ್ದು, ಮನೆಯವರೆಲ್ಲ ಮಲಗಿರ್ತಾರೆ. ಹಗಲಲ್ಲಿ ಸೊಸೆ ಬಾಯಿಬಿಟ್ಟು ಹೇಳಲಾರದ್ದನ್ನು ಆ ಹೊತ್ತಿನಲ್ಲಿ ಕಲ್ಲಿಗೆ ಹೇಳಬಹುದಾಗಿತ್ತು. ಯಾರಾದರೂ ಕೇಳಿಸಿಕೊಂಡರೂ 'ಪದ ಅಲ್ವಾ' ಅಂತ ಜಾರಿಕೊಳ್ಳಬಹುದಾಗಿತ್ತು.

ನನ್ನ ದೊಡ್ಡವ್ವ ಒಂದು ಸಂಗತಿ ಹೇಳಿದ್ದಳು. ಅವಳು ಮದುವೆಯಾಗಿ ಬಂದ ಹೊಸದು. ಗೌರಿ ಹಬ್ಬ ಹತ್ತಿರ ಬಂದಿತ್ತು. ಕರೆದುಕೊಂಡು ಹೋಗೋಕೆ ತವರಿನಿಂದ ಅಣ್ಣ ಬರಲಿಲ್ಲ. ಅಲ್ಲಿ ಏನು ಕಷ್ಟವೋ ಗೊತ್ತಿಲ್ಲ. 'ನಾನೇ ಹೋಗಿ ಬರ್ತೀನಿ' ಅಂತ ಕೇಳೋ ಧೈರ್ಯ ಇಲ್ಲ. ರಾತ್ರಿ ಅತ್ತೆ ಎದುರಿಗೆ ಕೂತು ಬೀಸುವಾಗ ತವರಿನ ಪದ ಬಂತು. ಹಳೆಯ ಪದದ ನಡುವೆ ದೊಡ್ಡವ್ವ ತನ್ನದೇ ಒಂದು ಸೊಲ್ಲು ಸೇರಿಸಿದಳು: ಹಾದಿ ನೋಡಿದ್ದು, ಯಾರೂ ಬರದೇ ಇದ್ದದ್ದು. ಅತ್ತೆ ಏನೂ ಮಾತಾಡಲಿಲ್ಲ, ಕಲ್ಲನ್ನೂ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದೇ ಮಟ್ಟಿನಲ್ಲಿ ಇನ್ನೊಂದು ಸೊಲ್ಲು ಹೇಳಿದಳಂತೆ, ತನ್ನ ತವರಿನದು. ಅದೂ ಹಾದಿ ನೋಡಿದ ಸೊಲ್ಲೇ. ಬೆಳಿಗ್ಗೆ ಎದ್ದು ಮಗನಿಗೆ, "ಗಾಡಿ ಕಟ್ಲಾ, ಇವಳ್ನ ಅವ್ರಪ್ಪನ ಮನೇಗೆ ಬುಟ್ಟು ಬಾ" ಅಂದಳು.

ನಾನು ಆಸೆಯಿಂದ ಕೇಳಿದೆ, "ದೊಡ್ಡವ್ವ, ಆ ಸೊಲ್ಲು ಹೇಳು, ಬರಕೋತೀನಿ." ಅವಳು ನಕ್ಕಳು. "ಅದ್ಯಾಕ್ಲಾ ಮಗ ನೆಪ್ಪಿರ್ತದೆ? ಅವತ್ತಿಂದು ಅವತ್ತಿಗೆ ಆಯ್ತು." "ಅಷ್ಟು ಚೆನ್ನಾಗಿ ಹೇಗೆ ಕಟ್ಟಿದೆ?" ಅಂದರೆ, "ಕಟ್ಟೋದೇನ್ ಬಂತು? ಕಲ್ಲು ತಿರುಗ್ತಾ ಇದ್ರೆ ಬಾಯಿ ಸುಮ್ಕಿರ್ತದಾ?" ಅಂದಳು.

ದೊಡ್ಡವ್ವ ಈಗಿಲ್ಲ. ಅವಳ ಅತ್ತೆಯಂತೂ ಯಾವತ್ತೋ ಹೋದಳು. ಆ ಎರಡು ಸೊಲ್ಲು ಈಗ ಯಾರಿಗೂ ಗೊತ್ತಿಲ್ಲ. ಪುಸ್ತಕದಲ್ಲಿ 'ಜನಪದ' ಅಂತ ಇರುವ ಕಡೆಯೆಲ್ಲ ನನಗೆ ಅವರಿಬ್ಬರೂ ಎದುರುಬದುರು ಕೂತ ಹಾಗೆ ಕಾಣುತ್ತೆ. 'ಜನಪದ' ಅಂದರೆ ಯಾರೂ ಅಲ್ಲ ಅಂತ ಅರ್ಥವಲ್ಲ. ಒಬ್ಬರಾದ ಮೇಲೆ ಒಬ್ಬರು, ಬಹಳ ಜನ ಅಂತ ಅರ್ಥ.

ಹೆಸರಿರುವ ಕವಿಗಳದೂ ಇದೇ ದಾರಿ

ಶಿಶುನಾಳದ ಷರೀಫಜ್ಜ (೧೮೧೯–೧೮೮೯) ಈಗಿನ ಹಾವೇರಿ ಜಿಲ್ಲೆಯವರು. ಕೆಲವು ವರ್ಷ ಶಾಲಾ ಮೇಷ್ಟ್ರಾಗಿದ್ದರು. ಅವರಿಗೆ ಹಾಡಿನ ವಸ್ತು ಎಲ್ಲಿ ಸಿಕ್ಕಿತು? ಸೋರುವ ಮಾಳಿಗೆಯಲ್ಲಿ, ತಂಬೂರಿಯಲ್ಲಿ, ಗುಡುಗುಡಿಯಲ್ಲಿ, ಸಂತೆಗೆ ಹೊರಟ ಮುದುಕಿಯಲ್ಲಿ. ಕಣ್ಣಿಗೆ ಕಂಡದ್ದನ್ನೇ ಹಿಡಿದು ಕಣ್ಣಿಗೆ ಕಾಣದ್ದನ್ನು ಹೇಳಿದರು.

ನಮ್ಮ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ೧೯೧೫ರಲ್ಲಿ ಹುಟ್ಟಿದವರು ಕೆ.ಎಸ್. ನರಸಿಂಹಸ್ವಾಮಿ. ಅವರ 'ಮೈಸೂರು ಮಲ್ಲಿಗೆ' ೧೯೪೨ರಲ್ಲಿ ಬಂತು. ಅದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಹೆಂಡತಿ, ಅವಳ ತವರು, ಮಾವನ ಮನೆ, ಬಳೆಗಾರ. ರಾಗಿಕಲ್ಲಿನ ಮುಂದೆ ಹೆಂಗಸರು ಹಾಡಿದ್ದೂ ಈ ತವರು, ಈ ಬಳೆಗಾರನನ್ನೇ ಅಲ್ಲವೇ? ಪಿ. ಕಾಳಿಂಗರಾಯರಂಥ ಗಾಯಕರು ಆ ಪದ್ಯಗಳಿಗೆ ಮಟ್ಟು ಹಾಕಿ ಹಾಡಿದ ಮೇಲೆ ಅವು ಪುಸ್ತಕ ಓದದವರ ಬಾಯಿಗೂ ಬಂದವು.

ಅದೇ ಕೆ.ಎಸ್.ನ. ಅವರು ರಾಬರ್ಟ್ ಬರ್ನ್ಸ್ ಎಂಬ ಕವಿಯ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದಿದ್ದಾರೆ. ಬರ್ನ್ಸ್ (೧೭೫೯–೧೭೯೬) ಸ್ಕಾಟ್ಲೆಂಡ್ ದೇಶದವನು, ಗೇಣಿ ರೈತನ ಮಗ, ತಾನೂ ನೇಗಿಲು ಹಿಡಿದವನು. ಹಾಡು ಕಟ್ಟೋದು ಹೇಗೆ ಅಂತ ಅವನು ೧೭೯೩ರಲ್ಲಿ ಒಂದು ಕಾಗದದಲ್ಲಿ ಬಿಡಿಸಿ ಬರೆದಿದ್ದಾನೆ. ಮಟ್ಟು ತನ್ನ ಬಾಯಲ್ಲಿ ಪೂರ್ತಿ ಕೂರುವವರೆಗೂ ಅವನಿಗೆ ಮಾತು ಹೊಳೀತಿರಲಿಲ್ಲವಂತೆ. ಮೊದಲ ನುಡಿ ಕಟ್ಟೋದೇ ಕಷ್ಟ. ಅದಾದ ಮೇಲೆ ಹೊರಗೆ ಅಡ್ಡಾಡುತ್ತಾ, ಸುತ್ತ ಕಂಡದ್ದನ್ನು ನೋಡುತ್ತಾ, ಮಟ್ಟನ್ನು ಗುನುಗುತ್ತಾ ಇರ್ತಿದ್ದ. ಸಾಲದೇ ಹೋದರೆ ಮನೆಗೆ ಬಂದು, ಕುರ್ಚಿಯ ಹಿಂಗಾಲಿನ ಮೇಲೆ ತೂಗಾಡುತ್ತಾ ಬರೀತಿದ್ದ. ತೂಗಾಟ ಯಾಕೆ ಬೇಕಿತ್ತು ಅಂತ ನಿಮಗೆ ಈಗ ಹೇಳಬೇಕಾಗಿಲ್ಲ. ನಮ್ಮವರಿಗೆ ಕಲ್ಲು ತಿರುಗ್ತಿತ್ತು, ಅವನಿಗೆ ಕುರ್ಚಿ ತೂಗ್ತಿತ್ತು.

ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಹಳೇ ವರ್ಷ ಕಳೆಯುವ ರಾತ್ರಿ ಎಲ್ಲರೂ ಕೈ ಕೈ ಹಿಡಿದು ಹಾಡುವ ಒಂದು ಹಾಡಿದೆ. ಅದು ಬರ್ನ್ಸ್ ಹೆಸರಿನಲ್ಲಿದೆ. ಆದರೆ ಒಬ್ಬ ಮುದುಕ ಹಾಡಿದ್ದನ್ನು ಕೇಳಿ ಬರೆದುಕೊಂಡೆ ಅಂತ ಅವನೇ ಹೇಳಿದ್ದಾನೆ. ಅದರಲ್ಲಿ ಹಳೆಯ ಮಾತೂ ಇದೆ, ಅವನ ಮಾತೂ ಇದೆ. ಮುದುಕನ ಹೆಸರು ಉಳಿಯಲಿಲ್ಲ, ಹಾಡು ಉಳಿಯಿತು. ಬರೆದುಕೊಳ್ಳುವ ಒಬ್ಬ ಸಿಕ್ಕಿದ್ದರಿಂದ ಉಳಿಯಿತು.

ಇನ್ನೊಂದು ಮಾತು. 'ನಮ್ಮ ಭಾಷೆ ಹಳ್ಳಿ ಭಾಷೆ, ಅದರಲ್ಲಿ ಪದ್ಯ ಬರೆದರೆ ನಗ್ತಾರೆ' ಅಂತ ನಿಮ್ಮಲ್ಲಿ ಕೆಲವರಿಗೆ ಅಳುಕು. ಜಿ.ಪಿ. ರಾಜರತ್ನಂ ಕನ್ನಡ ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರ 'ರತ್ನನ ಪದಗಳು' ಪುಸ್ತಕ ಪೂರ್ತಿ ಹಳ್ಳಿಯವನ ಆಡುಮಾತಿನಲ್ಲೇ ಇದೆ. ನಾಡಿನ ಜನ ಅದನ್ನು ತಲೆ ಮೇಲೆ ಹೊತ್ತುಕೊಂಡರು.

ಕಲ್ಲು ನಿಂತ ಮೇಲೆ

ಹಿಟ್ಟಿನ ಮಿಲ್ಲು ಬಂತು, ಕಲ್ಲು ನಿಂತಿತು. ಇದಕ್ಕೆ ನಾನು ಅಳೋದಿಲ್ಲ. ಬೀಸಿ ಬೀಸಿ ಊದಿಕೊಂಡ ಭುಜಕ್ಕೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದ ಹೆಂಗಸರನ್ನು ನಾನು ಕಂಡಿದ್ದೇನೆ. ಪದ ಉಳಿಯಲಿ ಅಂತ ಅವರನ್ನು ಮತ್ತೆ ಕಲ್ಲಿನ ಮುಂದೆ ಕೂರಿಸೋದು ನ್ಯಾಯವಲ್ಲ. ನಾಟಿ ಈಗ ಗುತ್ತಿಗೆಯಲ್ಲಿ ಬೇಗ ಬೇಗ ಮುಗಿಯುತ್ತೆ. ಮದುವೆಯಲ್ಲಿ ಸೋಬಾನೆಗಿಂತ ಸ್ಪೀಕರ್ ಸದ್ದೇ ಮುಂದು. ಇದೆಲ್ಲ ಕಾಲದ ಗತಿ.

ನನ್ನ ಚಿಂತೆ ಬೇರೆ. ಪದ ಹೋದರೆ ಬರೀ ರಾಗ ಹೋಗೋದಿಲ್ಲ. ಬಾಯಿಬಿಟ್ಟು ಹೇಳಲಾರದ್ದನ್ನು ಹೇಳಿಕೊಳ್ಳೋಕೆ ಇದ್ದ ಒಂದು ಜಾಗ ಹೋಗುತ್ತೆ. ದೊಡ್ಡವ್ವನಿಗೆ ಕಲ್ಲಿತ್ತು. ಇವತ್ತು ನಿಮ್ಮಲ್ಲಿ ಯಾರಿಗಾದರೂ ಹೇಳಲಾರದ ಮಾತಿದ್ದರೆ ಅದನ್ನು ಎಲ್ಲಿ ಹೇಳ್ತೀರಿ? ಒಂದು ಸೊಲ್ಲು ಕಟ್ಟೋಕೆ ಬಂದರೆ ನಿಮಗೂ ಒಂದು ಜಾಗ ಇರುತ್ತೆ. ಅದಕ್ಕೇ ಇಷ್ಟುದ್ದ ಬರೆದೆ.

ಕೂಡಿಡುವ ಕೆಲಸವನ್ನೂ ನಮ್ಮ ಜಿಲ್ಲೆಯವರು ದೊಡ್ಡದಾಗಿ ಮಾಡಿದ್ದಾರೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು (೧೯೧೫–೨೦೦೫) ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದರೂ ಹಳ್ಳಿಯ ಪದಗಳನ್ನು ಬಿಡಲಿಲ್ಲ. ಸೋಬಾನೆ ಚಿಕ್ಕಮ್ಮ ಎಂಬ ಒಬ್ಬ ಹಾಡುಗಾತಿಯ ಪದಗಳನ್ನೇ ಒಂದು ಪುಸ್ತಕ ಮಾಡಿದರು. ಅಲ್ಲಿ 'ಜನಪದ' ಅನ್ನೋದಕ್ಕೆ ಒಂದು ಹೆಸರು ಬಂತು! ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು, ರಾಮನಗರದ ಹತ್ತಿರ ಜಾನಪದ ಲೋಕ ಮಾಡಿದರು. ಬೆಂಗಳೂರಿಗೆ ಹೋಗುವಾಗ ಅಲ್ಲಿ ಇಳಿದು ನೋಡಿ.

ಮಾಡಿ ನೋಡಿ

೧. ಈ ತಿಂಗಳು ನಿಮ್ಮ ಮನೆಯ ಅಥವಾ ಬೀದಿಯ ಒಬ್ಬ ಅಜ್ಜಿಯ ಹತ್ತಿರ ಕೂತುಕೊಳ್ಳಿ. 'ಪದ ಹೇಳಜ್ಜಿ' ಅಂದರೆ 'ನಂಗೇನೂ ಬರಾಕಿಲ್ಲ' ಅಂತಾರೆ. ಹಾಗೆ ಕೇಳಬೇಡಿ. 'ಕಲ್ಲು ಬೀಸ್ತಿದ್ರಂತಲ್ಲ, ಯಾರ ಜೊತೆ ಬೀಸ್ತಿದ್ರಿ? ಎಷ್ಟು ಹೊತ್ತಿಗೆ ಏಳ್ತಿದ್ರಿ?' ಅಂತ ಕೆಲಸದ ಮಾತು ತೆಗೆಯಿರಿ. ಕೈ ನೆನಪಾದರೆ ಬಾಯಿಗೂ ನೆನಪಾಗುತ್ತೆ.

೨. ಅವರು ಹೇಳಿದ ಹಾಗೇ ಬರೆದುಕೊಳ್ಳಿ. 'ಬತ್ತದೆ' ಅಂದರೆ 'ಬತ್ತದೆ' ಅಂತಲೇ ಬರೆಯಿರಿ, 'ಬರುತ್ತದೆ' ಅಂತ ತಿದ್ದಬೇಡಿ. ತಿದ್ದಿದರೆ ಮಾತ್ರೆ ಕೆಡುತ್ತೆ. ಮನೆಯಲ್ಲಿ ಫೋನ್ ಇದ್ದರೆ, ಅವರನ್ನು ಕೇಳಿಕೊಂಡು, ರೆಕಾರ್ಡ್ ಮಾಡಿ.

೩. ಪದದ ಕೆಳಗೆ ನಾಲ್ಕು ವಿಷಯ ಬರೆಯಿರಿ: ಹೇಳಿದವರು ಯಾರು, ಯಾರಿಂದ ಕಲಿತರು, ಯಾವ ಕೆಲಸದಲ್ಲಿ ಹಾಡ್ತಿದ್ದರು, ಇವತ್ತಿನ ತಾರೀಖು. ಹೆಸರು ಬೇಡ ಅಂತ ಅವರು ಹೇಳಿದರೆ ಹೆಸರು ಬಿಡಿ.

೪. ಅದೇ ಮಟ್ಟಿನಲ್ಲಿ ನಿಮ್ಮದೊಂದು ಸೊಲ್ಲು ಕಟ್ಟಿ. ನವಿಲು, ಚಂದಿರ ಅಂತ ಹುಡುಕಿಕೊಂಡು ಹೋಗಬೇಡಿ. ಕಬ್ಬಿನ ಲಾರಿ, ಬಾರದ ಬಸ್ಸು, ಒಣಗಿದ ಬೋರ್‌ವೆಲ್, ಊರು ಬಿಟ್ಟು ಹೋದ ಗೆಳತಿ, ಕಣ್ಣಿಗೆ ಕಂಡದ್ದು ಎದೆಗೆ ತಟ್ಟಿದ್ದು ಏನಾದರೂ ಆಗಬಹುದು. ಬರೆಯುವ ಮೊದಲು ನಡೆಯುತ್ತಾ ನಾಲ್ಕು ಸಲ ಗುನುಗಿ.

ಬರೆದದ್ದನ್ನು ತಂದುಕೊಡಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ, ಎಡಗಡೆ ಅಜ್ಜಿಯ ಪದ, ಬಲಗಡೆ ನಿಮ್ಮ ಪದ ಅಂಟಿಸೋಣ. ಎರಡರ ಕೆಳಗೂ ಹೆಸರಿರಲಿ.